ಗಣಿತ ತಂತ್ರಾಂಶಗಳು: ನಕ್ಷೆ, ಲೆಕ್ಕ, ಭೌತಶಾಸ್ತ್ರ (ಉಡುಪಿ ಪರಿಸರದ ಉದಾಹರಣೆಗಳೊಂದಿಗೆ)

ಸಮೀಕರಣ ಬಿಡಿಸಲು, ನಕ್ಷೆ ಎಳೆಯಲು, ಅಳತೆಯ ಅಂಕಿಗಳಲ್ಲಿ ಅಡಗಿರುವ ನಿಯಮ ಹುಡುಕಲು, ಕೈಲೆಕ್ಕಕ್ಕೆ ಸಿಗದ ಭೌತಶಾಸ್ತ್ರದ ಸಮಸ್ಯೆಗಳನ್ನು ಬಗೆಹರಿಸಲು ಬಳಸುವ ಕಂಪ್ಯೂಟರ್ ಸಾಧನಗಳನ್ನು ಒಟ್ಟಾಗಿ ಗಣಿತ ತಂತ್ರಾಂಶ ಎನ್ನುತ್ತಾರೆ. ಒಂದು ಕಾಲಕ್ಕೆ ಇವು ದೊಡ್ಡ ಸಂಶೋಧನಾ ಕೇಂದ್ರಗಳ ಸೊತ್ತಾಗಿದ್ದವು. ಇಂದು ಹಳೆಯ ಲ್ಯಾಪ್‌ಟಾಪ್ ಅಥವಾ ಮೊಬೈಲ್ ಫೋನ್ ಇರುವ ಯಾವ ವಿದ್ಯಾರ್ಥಿಗೂ ಇವುಗಳಲ್ಲಿ ಹೆಚ್ಚಿನವು ಹಣವಿಲ್ಲದೆ ದೊರೆಯುತ್ತವೆ.

ಇವುಗಳ ಬಳಕೆಯನ್ನು ತೋರಿಸಲು ಉಡುಪಿ ಪರಿಸರವನ್ನೇ ತೆಗೆದುಕೊಳ್ಳೋಣ. ಮಲ್ಪೆಯಿಂದ ಆಗುಂಬೆ ಘಾಟಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಮೇಲೆ, ಮಣಿಪಾಲಕ್ಕೆ ತಾಗಿಕೊಂಡು ಪರ್ಕಳ ಎಂಬ ಊರಿದೆ. ಮಣಿಪಾಲ, ಉಡುಪಿ, ಕಾರ್ಕಳ, ಕಾಪುಗಳ ಕಾಲೇಜುಗಳಿಗೆ ಇಲ್ಲಿಂದ ಬಸ್ಸಿನಲ್ಲೇ ಹೋಗಿಬರಬಹುದು. ಎಂಜಿನಿಯರಿಂಗ್ ಮತ್ತು ವಿಜ್ಞಾನ ಪದವಿಯ ವಿದ್ಯಾರ್ಥಿಗಳು ಈ ಪರಿಸರದಲ್ಲಿ ಒತ್ತಾಗಿ ಸೇರಿದ್ದಾರೆ. ಇಲ್ಲಿನ ಕಡಲು, ಮಳೆ, ದೀಪಸ್ತಂಭ, ಏಕಶಿಲಾ ಮೂರ್ತಿ ಎಲ್ಲವೂ ಲೆಕ್ಕಕ್ಕೆ ಒಳ್ಳೆಯ ವಿಷಯಗಳು. ಈ ಲೇಖನದ ಉದಾಹರಣೆಗಳನ್ನು ಅಲ್ಲಿಂದಲೇ ಆಯ್ದುಕೊಳ್ಳಲಾಗಿದೆ.

ಬೆಳೆದುಬಂದ ಬಗೆ

ಐಬಿಎಂ ಕಂಪನಿಯಲ್ಲಿ ಜಾನ್ ಬ್ಯಾಕಸ್ ಅವರ ತಂಡ ರೂಪಿಸಿದ ಫೋರ್ಟ್ರಾನ್ ಭಾಷೆ 1957ರಲ್ಲಿ ಬಳಕೆಗೆ ಬಂತು. ಸೂತ್ರವನ್ನು ಸೂತ್ರದಂತೆಯೇ ಬರೆದು ಯಂತ್ರಕ್ಕೆ ಕೊಡುವ ಅನುಕೂಲ ವಿಜ್ಞಾನಿಗಳಿಗೆ ಸಿಕ್ಕಿದ್ದು ಅದರಿಂದ. ಅದೇ ವರ್ಷ ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಆಗಿನ ವಿದ್ಯಾರ್ಥಿಯ ಉಪಕರಣಗಳೆಂದರೆ ಸ್ಲೈಡ್ ರೂಲ್, ಲಾಗ್ ಟೇಬಲ್ ಮತ್ತು ಗ್ರಾಫ್ ಹಾಳೆ.

ಕಂಪ್ಯೂಟರ್ ಲೆಕ್ಕವೇ ಒಂದು ಬಗೆಯ ಭೌತಶಾಸ್ತ್ರದ ಪ್ರಯೋಗವಾಗಬಲ್ಲದು ಎಂಬುದು ಅದಕ್ಕೂ ಮೊದಲೇ ಗೊತ್ತಾಗಿತ್ತು. 1950ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಎನ್ರಿಕೋ ಫರ್ಮಿ, ಜಾನ್ ಪಾಸ್ತಾ ಮತ್ತು ಸ್ಟಾನಿಸ್ಲಾವ್ ಉಲಾಂ ಸ್ಪ್ರಿಂಗುಗಳಿಂದ ಜೋಡಿಸಿದ ಕಣಗಳ ಸಾಲಿನ ಚಲನೆಯನ್ನು ಯಂತ್ರದಲ್ಲಿ ಲೆಕ್ಕ ಹಾಕಿಸಿದರು. ಕ್ರಮವಿಧಿ ಬರೆಯುವ ಕೆಲಸದಲ್ಲಿ ಮೇರಿ ಸಿಂಗೌ ಅವರ ಪಾಲು ದೊಡ್ಡದು. ಶಕ್ತಿ ಎಲ್ಲ ಕಣಗಳಿಗೂ ಸಮನಾಗಿ ಹಂಚಿಹೋಗುತ್ತದೆ ಎಂದು ಅವರು ಎಣಿಸಿದ್ದರು, ಆದರೆ ಅದು ಮತ್ತೆ ಮತ್ತೆ ಆರಂಭದ ಸ್ಥಿತಿಯ ಹತ್ತಿರಕ್ಕೆ ಮರಳಿತು. ಯಂತ್ರದ ಲೆಕ್ಕದಿಂದಲೇ ಹೊಸ ಪ್ರಶ್ನೆ ಹುಟ್ಟಿತು.

1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇಂದಿನ ಮ್ಯಾಕ್ಸಿಮಾದ ಮೂಲವಾದ ಮ್ಯಾಕ್ಸೈಮಾ ರೂಪುಗೊಳ್ಳತೊಡಗಿತು. 1970ರ ದಶಕದ ಕೊನೆಯಲ್ಲಿ ಕ್ಲೀವ್ ಮೋಲರ್ ತಮ್ಮ ವಿದ್ಯಾರ್ಥಿಗಳಿಗಾಗಿ ಬರೆದ ಮ್ಯಾಟ್‌ಲ್ಯಾಬ್ 1984ರಲ್ಲಿ ವಾಣಿಜ್ಯ ಸರಕಾಯಿತು. 1980ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿ ಮೇಪಲ್ ಆರಂಭವಾಯಿತು. ಸ್ಟೀಫನ್ ವುಲ್ಫ್ರಂ ಅವರ ಮ್ಯಾಥಮ್ಯಾಟಿಕಾ 1988ರಲ್ಲಿ ಹೊರಬಂತು. ಇವುಗಳ ಪರವಾನಗಿ ಸಣ್ಣ ಕಾಲೇಜುಗಳ ಕೈಗೆ ಎಟಕುವಂತಿರಲಿಲ್ಲ.

ಅದೇ ಹೊತ್ತಿಗೆ ಉಚಿತ ತಂತ್ರಾಂಶಗಳ ಮತ್ತೊಂದು ಧಾರೆಯೂ ಹರಿಯುತ್ತಿತ್ತು. ನಕ್ಷೆ ಬಿಡಿಸುವ ಗ್ನುಪ್ಲಾಟ್ 1986ರಲ್ಲಿ ಬಂತು. ಫ್ರಾನ್ಸ್‌ನ ಇನ್ರಿಯಾ ಸಂಸ್ಥೆ ಸೈಲ್ಯಾಬ್ ರೂಪಿಸಿತು. ಜಾನ್ ಈಟನ್ 1992ರಲ್ಲಿ ಗ್ನು ಆಕ್ಟೇವ್ ಬರೆಯತೊಡಗಿದರು. ಮ್ಯಾಕ್ಸೈಮಾದ ಒಂದು ಪ್ರತಿಯನ್ನು 1982ರಿಂದ ಕಾಪಾಡಿಕೊಂಡು ಬಂದ ವಿಲಿಯಂ ಶೆಲ್ಟರ್ 1998ರಲ್ಲಿ ಅದನ್ನು ಮುಕ್ತವಾಗಿ ಹಂಚಲು ಅನುಮತಿ ಪಡೆದರು. ಇಂದಿನ ಮ್ಯಾಕ್ಸಿಮಾ ಅದರ ಫಲ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶಾಲಾ ಗಣಿತಕ್ಕಾಗಿ ಜಿಯೋಜೀಬ್ರಾ ಆರಂಭಿಸಿದರು. 2005ರಲ್ಲಿ ವಿಲಿಯಂ ಸ್ಟೈನ್ ಸೇಜ್ ಹೊರತಂದರು. 1991ರಲ್ಲಿ ಹೊರಬಂದಿದ್ದ ಪೈಥಾನ್ ಭಾಷೆಗೆ ಜಾನ್ ಹಂಟರ್ ಅವರ ಮ್ಯಾಟ್‌ಪ್ಲಾಟ್‌ಲಿಬ್, ಟ್ರಾವಿಸ್ ಒಲಿಫಂಟ್ ಅವರ ನಂಪೈ, ಜೊತೆಗೆ ಸೈಪೈ, ಸಿಂಪೈ ಗ್ರಂಥಾಲಯಗಳು ಸೇರಿದ ಮೇಲೆ ಅದು ವಿಜ್ಞಾನದ ಸಾಮಾನ್ಯ ಭಾಷೆಯೇ ಆಯಿತು. 2019ರಲ್ಲಿ ಜಗತ್ತು ಕಂಡ ಕಪ್ಪುಕುಳಿಯ ಮೊದಲ ಚಿತ್ರದ ಹಿಂದಿನ ಲೆಕ್ಕದಲ್ಲೂ ಈ ಉಚಿತ ಸಾಧನಗಳಿದ್ದವು. 2012ರಲ್ಲಿ ಪ್ರಕಟವಾದ ಜೂಲಿಯಾ ಭಾಷೆಯ ನಾಲ್ವರು ನಿರ್ಮಾತೃಗಳಲ್ಲಿ ಭಾರತದ ವಿರಲ್ ಷಾ ಒಬ್ಬರು.

ನಕ್ಷೆ ಎಳೆಯುವುದು

ನಕ್ಷೆಯು ಸೂತ್ರದ ಸ್ವಭಾವವನ್ನು ಕಣ್ಣಿಗೆ ಕಾಣಿಸುತ್ತದೆ. ಮಲ್ಪೆಯ ಬಂದರಿನಲ್ಲಿ ಎಲ್ಲರಿಗೂ ಪರಿಚಿತವಾದ ಉಬ್ಬರ ಇಳಿತವನ್ನು ನೋಡಬಹುದು. ಚಂದ್ರನಿಂದಾಗುವ ಮುಖ್ಯ ಉಬ್ಬರದ ಆವರ್ತ 12.42 ಗಂಟೆ, ಸೂರ್ಯನಿಂದಾಗುವುದರದು 12 ಗಂಟೆ. ಈ ಎರಡು ಆವರ್ತಗಳ ಸೈನ್ ಅಲೆಗಳನ್ನು ಬೇರೆ ಬೇರೆಯಾಗಿ ಬರೆದರೆ ವಿಶೇಷವೇನೂ ಕಾಣದು. ಎರಡನ್ನೂ ಕೂಡಿಸಿ ಒಂದು ತಿಂಗಳ ಉದ್ದಕ್ಕೆ ಗ್ನುಪ್ಲಾಟ್‌ನಲ್ಲಿ ಎಳೆದಾಗ ಅಲೆಯ ಎತ್ತರವೇ ಹಿಗ್ಗಿ ಕುಗ್ಗುವುದು ಕಾಣುತ್ತದೆ. ಒಂದು ಹಿಗ್ಗಿನಿಂದ ಮುಂದಿನ ಹಿಗ್ಗಿಗೆ ಸುಮಾರು 14.8 ದಿನ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಸಮಯದಲ್ಲಿ ಉಬ್ಬರ ಏಕೆ ದೊಡ್ಡದು ಎಂಬುದಕ್ಕೆ ಉತ್ತರ ಪರದೆಯ ಮೇಲೆಯೇ ಇದೆ. ನಿಜವಾದ ಕಡಲಿನಲ್ಲಿ ಇನ್ನೂ ಹಲವು ಆವರ್ತಗಳು ಸೇರುತ್ತವೆ. ಅಳತೆ ಮಾಡಿದ ನೀರಿನ ಮಟ್ಟದಿಂದ ಅವುಗಳನ್ನು ಬಿಡಿಸಿ ತೋರಿಸುವ ಕೆಲಸಕ್ಕೆ ಫೂರಿಯೇ ವಿಶ್ಲೇಷಣೆಯ ಆಜ್ಞೆಗಳು ಆಕ್ಟೇವ್, ಸೈಲ್ಯಾಬ್, ಪೈಥಾನ್ ಮೂರರಲ್ಲೂ ಸಿದ್ಧವಾಗಿವೆ.

ಸರಳ ಸೂತ್ರಕ್ಕೂ ನಕ್ಷೆ ಅರ್ಥ ತುಂಬುತ್ತದೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಗೋಪುರ ಸುಮಾರು 27 ಮೀಟರ್ ಎತ್ತರವಿದೆ. ಕೆಳಗಿನ ಬಂಡೆಯ ಎತ್ತರವನ್ನು ಬಿಟ್ಟು, ಗೋಪುರದ್ದನ್ನಷ್ಟೇ ಗಣನೆಗೆ ತೆಗೆದುಕೊಳ್ಳೋಣ. ಭೂಮಿಯ ತ್ರಿಜ್ಯವನ್ನು ಎತ್ತರದಿಂದ ಗುಣಿಸಿ, ಎರಡರಷ್ಟು ಮಾಡಿ, ವರ್ಗಮೂಲ ತೆಗೆದರೆ ದಿಗಂತದ ದೂರ ಸಿಗುತ್ತದೆ: ಸುಮಾರು 18.5 ಕಿಲೋಮೀಟರ್. ಕಣ್ಣು ನೀರಿನಿಂದ 4 ಮೀಟರ್ ಮೇಲಿರುವ ದೋಣಿಯವನಿಗೆ ತನ್ನದೇ ದಿಗಂತ 7.1 ಕಿಲೋಮೀಟರ್ ದೂರದಲ್ಲಿದೆ. ಎರಡೂ ಸೇರಿ ಸುಮಾರು 25.7 ಕಿಲೋಮೀಟರಿನವರೆಗೆ ಭೂಮಿಯ ಉಬ್ಬು ದೀಪವನ್ನು ಮರೆಮಾಡದು. ಗಾಳಿಯಲ್ಲಿ ಬೆಳಕು ಬಾಗುವುದರಿಂದ ಈ ದೂರ ಇನ್ನೂ ಸ್ವಲ್ಪ ಹೆಚ್ಚುತ್ತದೆ. ಎತ್ತರಕ್ಕೆ ಎದುರಾಗಿ ದೂರದ ನಕ್ಷೆ ಎಳೆದರೆ ರೇಖೆ ಮೊದಲು ಕಡಿದಾಗಿ ಏರಿ ಆಮೇಲೆ ಬಾಗುತ್ತದೆ. ಗೋಪುರದ ಎತ್ತರವನ್ನು ಇಮ್ಮಡಿಸಿದರೂ ಕಾಣುವ ದೂರ ಇಮ್ಮಡಿಯಾಗದು ಎಂಬುದು ಆ ಬಾಗಿನಿಂದ ತಿಳಿಯುತ್ತದೆ.

ಶಾಲೆಗಳಿಗೆ ಜಿಯೋಜೀಬ್ರಾ ಮತ್ತು ನಕ್ಷೆ ಎಳೆಯುವ ಇನ್ನೊಂದು ಸಾಧನವಾದ ಡೆಸ್ಮಾಸ್ ಹೆಚ್ಚು ಹೊಂದುತ್ತವೆ. ಜಾರುಗುಂಡಿಯನ್ನು ಎಳೆದಂತೆ ಸಮೀಕರಣದ ಗುಣಾಂಕ ಬದಲಾಗಿ ಪರವಲಯ ಅಗಲವಾಗುವುದನ್ನೂ ಕಿರಿದಾಗುವುದನ್ನೂ ಮಕ್ಕಳು ಕಣ್ಣಾರೆ ನೋಡುತ್ತಾರೆ.

ಸಾಂಕೇತಿಕ ಲೆಕ್ಕ

ಎರಡರ ವರ್ಗಮೂಲ ಎಂದರೆ ಕ್ಯಾಲ್ಕುಲೇಟರ್ 1.414 ಎನ್ನುತ್ತದೆ. ಮ್ಯಾಕ್ಸಿಮಾ, ಸಿಂಪೈ, ಸೇಜ್, ಮ್ಯಾಥಮ್ಯಾಟಿಕಾಗಳು ಅದನ್ನು ಎರಡರ ವರ್ಗಮೂಲವಾಗಿಯೇ ಉಳಿಸಿಕೊಂಡು ಮುಂದಿನ ಲೆಕ್ಕ ಮಾಡುತ್ತವೆ. ಅಪವರ್ತನ, ಅವಕಲನ, ಅನುಕಲನ, ಮಾತೃಕೆಗಳ ಲೆಕ್ಕ, ಅವಕಲ ಸಮೀಕರಣ ಎಲ್ಲವನ್ನೂ ಅಕ್ಷರಗಳಲ್ಲೇ ಬಿಡಿಸುತ್ತವೆ. ಉತ್ತರ ಸಂಖ್ಯೆಯ ಬದಲು ಸೂತ್ರವಾಗಿ ಸಿಗುವುದೇ ಇದರ ಬಲ, ಏಕೆಂದರೆ ಒಂದು ಸೂತ್ರ ಎಲ್ಲ ಸಂದರ್ಭಗಳಿಗೂ ಸಲ್ಲುತ್ತದೆ.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟೇಶ್ವರನ ಮೂರ್ತಿ 42 ಅಡಿ, ಅಂದರೆ ಸುಮಾರು 12.8 ಮೀಟರ್ ಎತ್ತರ. ಎಷ್ಟು ದೂರದಲ್ಲಿ ನಿಂತರೆ ಮೂರ್ತಿ ಕಣ್ಣಿಗೆ ಅತ್ಯಂತ ದೊಡ್ಡ ಕೋನದಲ್ಲಿ ಕಾಣುತ್ತದೆ? ತೀರಾ ಹತ್ತಿರ ಹೋದರೆ ಕತ್ತೆತ್ತಿದರೂ ಮೂರ್ತಿ ಮೊಟಕಾಗಿ ಕಾಣುತ್ತದೆ, ದೂರ ಹೋದರೆ ಚಿಕ್ಕದಾಗುತ್ತದೆ. ಪಾದವು ನೋಡುವವರ ಕಣ್ಣಮಟ್ಟಕ್ಕಿಂತ 2 ಮೀಟರ್ ಮೇಲಿದೆ ಎಂದು ಇಟ್ಟುಕೊಂಡರೆ ತಲೆ 14.8 ಮೀಟರ್ ಮೇಲಿರುತ್ತದೆ. ಕೋನವು ಎರಡು ವಿಲೋಮ ಟ್ಯಾಂಜೆಂಟುಗಳ ವ್ಯತ್ಯಾಸ. ಮ್ಯಾಕ್ಸಿಮಾದಲ್ಲಿ ಅದನ್ನು ಬರೆದು, ದೂರಕ್ಕೆ ಸಂಬಂಧಿಸಿ ಅವಕಲಿಸಿ, ಸೊನ್ನೆಗೆ ಸಮೀಕರಿಸಿ ಬಿಡಿಸಲು ಹೇಳಿದರೆ ಚೊಕ್ಕವಾದ ಸೂತ್ರ ಬರುತ್ತದೆ: ಎರಡು ಎತ್ತರಗಳ ಗುಣಲಬ್ಧದ ವರ್ಗಮೂಲವೇ ಆ ದೂರ. ಇಲ್ಲಿ ಅದು ಸುಮಾರು 5.4 ಮೀಟರ್, ಕೋನ ಸುಮಾರು 50 ಡಿಗ್ರಿ. ಇದೇ ಸೂತ್ರ ಶ್ರವಣಬೆಳಗೊಳಕ್ಕೂ ವೇಣೂರಿಗೂ ಅನ್ವಯಿಸುತ್ತದೆ. ಎತ್ತರದ ಅಂಕಿಗಳನ್ನು ಬದಲಿಸಿದರೆ ಸಾಕು.

ಮೂಲಗಳನ್ನು ಹುಡುಕುವುದು

ಎಲ್ಲ ಸಮೀಕರಣಗಳಿಗೂ ಸೂತ್ರರೂಪದ ಉತ್ತರವಿಲ್ಲ. ಆಗ ನಕ್ಷೆ ಎಳೆದು ಎರಡು ರೇಖೆಗಳು ಸಂಧಿಸುವ ಜಾಗ ಗುರುತಿಸಿ, ಬಳಿಕ ನ್ಯೂಟನ್ ವಿಧಾನದಂಥ ಕ್ರಮದಿಂದ ಬೇಕಾದಷ್ಟು ದಶಾಂಶ ಸ್ಥಾನಗಳವರೆಗೆ ಹತ್ತಿರ ಹೋಗುತ್ತಾರೆ. ಕರಾವಳಿಯ ವಿದ್ಯಾರ್ಥಿಗಳು ಉತ್ಸಾಹದಿಂದ ನೋಡುವ ಶೂನ್ಯ ನೆರಳಿನ ದಿನ ಇದಕ್ಕೆ ಒಳ್ಳೆಯ ಪ್ರವೇಶ. ಸೂರ್ಯನ ಕ್ರಾಂತಿ, ಅಂದರೆ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಅದರ ಕೋನದೂರ, ಊರಿನ ಅಕ್ಷಾಂಶಕ್ಕೆ ಸಮನಾದ ದಿನ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಉಡುಪಿಯ ಅಕ್ಷಾಂಶ ಸುಮಾರು 13.34 ಡಿಗ್ರಿ ಉತ್ತರ.

ಕ್ರಾಂತಿಯನ್ನು 23.44 ಡಿಗ್ರಿ ಎತ್ತರದ, 365 ದಿನ ಆವರ್ತದ, ಮಾರ್ಚ್ ವಿಷುವದಲ್ಲಿ ಸೊನ್ನೆಯಿಂದ ಏರುವ ಸೈನ್ ಅಲೆ ಎಂದು ಬರೆಯಬಹುದು. ಅದರ ಜೊತೆ 13.34ರ ಅಡ್ಡರೇಖೆ ಎಳೆದರೆ ಎರಡು ಕಡೆ ಸಂಧಿಸುತ್ತವೆ: ವರ್ಷದ 116ನೇ ದಿನ ಮತ್ತು 228ನೇ ದಿನ, ಅಂದರೆ ಏಪ್ರಿಲ್ 26 ಮತ್ತು ಆಗಸ್ಟ್ 16. ಈ ಸರಳ ಸೂತ್ರ ಸೂರ್ಯನ ವಾರ್ಷಿಕ ಚಲನೆಯನ್ನು ಏಕರೂಪ ಎಂದು ಭಾವಿಸುತ್ತದೆ. ಭೂಕಕ್ಷೆ ದೀರ್ಘವೃತ್ತವಾದ ಕಾರಣವೂ ಅಧಿಕ ವರ್ಷಗಳ ಕಾರಣವೂ ನಿಜವಾದ ದಿನ ಇದರಿಂದ ಒಂದೆರಡು ದಿನ ಸರಿಯಬಹುದು. ಪೈಥಾನ್‌ನ ಆಸ್ಟ್ರೋಪೈ ಗ್ರಂಥಾಲಯದಿಂದ ಆಯಾ ವರ್ಷದ ನಿಖರ ಕ್ರಾಂತಿ ಪಡೆದು ಸರಳ ಸೂತ್ರದ ಜೊತೆ ಹೋಲಿಸುವುದು ಪದವಿ ವಿದ್ಯಾರ್ಥಿಗೆ ತಕ್ಕ ಕೆಲಸ. ತನ್ನ ಮಾದರಿ ಎಲ್ಲಿ, ಎಷ್ಟು, ಯಾಕೆ ತಪ್ಪುತ್ತದೆ ಎಂದು ಹೇಳಬಲ್ಲವನಿಗೆ ಆ ವಿಷಯ ನಿಜವಾಗಿ ತಿಳಿದಿರುತ್ತದೆ.

ಅವಕಲ ಸಮೀಕರಣಗಳು: ಮಳೆಹನಿಯ ಲೆಕ್ಕ

ಭೌತಶಾಸ್ತ್ರದ ನಿಯಮಗಳಲ್ಲಿ ಹೆಚ್ಚಿನವು ಬದಲಾವಣೆಯ ದರವನ್ನು ಹೇಳುತ್ತವೆ. ಅವುಗಳಿಂದ ಸ್ಥಾನ, ವೇಗ, ತಾಪಗಳನ್ನು ಪಡೆಯಲು ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಮುಂದುವರಿಯುವುದು ಆಯ್ಲರ್ ವಿಧಾನ. ಅದನ್ನೇ ಜಾಣತನದಿಂದ ತಿದ್ದಿದ್ದು ರುಂಗೆ–ಕುಟ್ಟ ವಿಧಾನ.

ಒಂದು ಕಿಲೋಮೀಟರ್ ಎತ್ತರದಿಂದ ಮಳೆಹನಿ ಗಾಳಿಯ ತಡೆಯಿಲ್ಲದೆ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 140 ಮೀಟರ್. ಅಂಥ ಮಳೆಯಲ್ಲಿ ಕರಾವಳಿಯ ಹೆಂಚು ಉಳಿಯದು, ಕೊಡೆಯೂ ಉಳಿಯದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಸೇರಿಸಿದಾಗ ಚಿತ್ರ ಬದಲಾಗುತ್ತದೆ. 2 ಮಿಲಿಮೀಟರ್ ವ್ಯಾಸದ ಹನಿ, ತಡೆಯ ಗುಣಾಂಕ 0.5, ಗಾಳಿಯ ಸಾಂದ್ರತೆ ಘನಮೀಟರಿಗೆ 1.2 ಕಿಲೋಗ್ರಾಂ ಎಂದಿಟ್ಟುಕೊಂಡರೆ ಅಂತಿಮ ವೇಗ ಸೆಕೆಂಡಿಗೆ ಸುಮಾರು 6.6 ಮೀಟರ್. ನೂರರಲ್ಲೊಂದು ಸೆಕೆಂಡಿನ ಹೆಜ್ಜೆಯಲ್ಲಿ ಲೆಕ್ಕ ಹಾಕಿಸಿದರೆ ಮೊದಲ ಸೆಕೆಂಡಿನಲ್ಲೇ ವೇಗ 6 ಮೀಟರಿನ ಹತ್ತಿರ ಬರುತ್ತದೆ, ಎರಡನೆಯ ಸೆಕೆಂಡಿನ ಕೊನೆಗೆ ರೇಖೆ ಬಹುತೇಕ ಮಟ್ಟಸವಾಗುತ್ತದೆ. ಆಮೇಲೆ ಹನಿ ಎಷ್ಟು ಎತ್ತರದಿಂದ ಬಂತು ಎಂಬುದಕ್ಕೆ ಅರ್ಥವೇ ಉಳಿಯದು.

ಇದೇ ಕ್ರಮವಿಧಿಯಲ್ಲಿ ಹೆಜ್ಜೆಯನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದರೆ ಏನಾಗುತ್ತದೆಂದು ನೋಡಬೇಕು. ಮೊದಲ ಹೆಜ್ಜೆಗೆ ವೇಗ 9.8, ಎರಡನೆಯದಕ್ಕೆ ಸೊನ್ನೆಗಿಂತ 2 ಕಡಿಮೆ. ಪರದೆಯ ಮೇಲೆ ಹನಿ ಆಕಾಶದ ಕಡೆಗೆ ಹೊರಟಿರುತ್ತದೆ! ಆಜ್ಞೆಯಲ್ಲಿ ಅಕ್ಷರದೋಷವಿಲ್ಲ, ಯಂತ್ರ ಎಚ್ಚರಿಕೆಯನ್ನೂ ಕೊಡಲಿಲ್ಲ. ತಪ್ಪನ್ನು ಹಿಡಿಯಬೇಕಾದವರು ಮಳೆ ಕಂಡ ಮನುಷ್ಯರು. ಗಣಿತ ತಂತ್ರಾಂಶದ ಕಲಿಕೆಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠವಿಲ್ಲ.

ಪ್ರಯೋಗಾಲಯದಲ್ಲಿ

ಸರಳ ಲೋಲಕದ ಉದ್ದಕ್ಕೂ ಅದರ ಆವರ್ತದ ವರ್ಗಕ್ಕೂ ನಡುವಿನ ನಕ್ಷೆ ಸರಳರೇಖೆ. ಹಿಂದೆ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನಿಟ್ಟು ಕಣ್ಣಂದಾಜಿನಿಂದ ಸ್ಕೇಲ್ ಹಿಡಿದು ಗೆರೆ ಎಳೆಯುತ್ತಿದ್ದರು. ತಂತ್ರಾಂಶವು ಕನಿಷ್ಠ ವರ್ಗಗಳ ವಿಧಾನದಿಂದ ಗೆರೆಯ ಇಳಿಜಾರನ್ನೂ ಅದರ ಅನಿಶ್ಚಿತತೆಯನ್ನೂ ಕೊಡುತ್ತದೆ. ಇಳಿಜಾರಿನಿಂದ ಗುರುತ್ವ ವೇಗೋತ್ಕರ್ಷ ಸಿಗುತ್ತದೆ. ಪಠ್ಯಪುಸ್ತಕ 9.8 ಎನ್ನುತ್ತದೆ. ಭೂಮಿ ಸಮಭಾಜಕದಲ್ಲಿ ಉಬ್ಬಿ ತಿರುಗುತ್ತಿರುವುದರಿಂದ ಉಡುಪಿಯ ಅಕ್ಷಾಂಶದಲ್ಲಿ, ಕಡಲ ಮಟ್ಟದಲ್ಲಿ, ಸೂತ್ರ ಕೊಡುವ ಬೆಲೆ ಸುಮಾರು 9.783. ಇಲ್ಲಿ ಪ್ರಯೋಗ ಮಾಡಿ 9.78 ಪಡೆದ ವಿದ್ಯಾರ್ಥಿ ರೆಕಾರ್ಡಿನಲ್ಲಿ ಅದನ್ನು 9.8ಕ್ಕೆ ತಿದ್ದಬೇಕಾಗಿಲ್ಲ. ಅವನ ಲೋಲಕ ಊರಿನ ಸತ್ಯವನ್ನೇ ಹೇಳಿದೆ.

ದೆಹಲಿಯ ಅಂತರ್ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಬಿ. ಪಿ. ಅಜಿತ್ ಕುಮಾರ್ ಮುಂದಾಳತ್ವದಲ್ಲಿ ರೂಪುಗೊಂಡ ಎಕ್ಸ್‌ಪೈಸ್ ಎಂಬ ಪುಟ್ಟ ಉಪಕರಣ ಕಂಪ್ಯೂಟರನ್ನೇ ಅಳತೆಯ ಸಾಧನವಾಗಿಸುತ್ತದೆ. ವೋಲ್ಟೇಜು, ಕಾಲ, ಧ್ವನಿಗಳನ್ನು ಅಳೆದು ಪೈಥಾನ್ ಮೂಲಕ ನೇರವಾಗಿ ನಕ್ಷೆ ಬಿಡಿಸುವ ಇದು ಕಡಿಮೆ ಖರ್ಚಿನ ಲ್ಯಾಬುಗಳಿಗೆ ವರದಾನ.

ಉಡುಪಿ ಪರಿಸರದ ವಿದ್ಯಾಸಂಸ್ಥೆಗಳು ಮತ್ತು ಪಠ್ಯಕ್ರಮ

ಮಣಿಪಾಲದ ಎಂಜಿನಿಯರಿಂಗ್ ಕಾಲೇಜು 1974ರಲ್ಲಿ ಮಣಿಪಾಲ ತಾಂತ್ರಿಕ ಸಂಸ್ಥೆಯಾಗಿ ಹೆಸರು ಬದಲಿಸಿಕೊಂಡಿತು. ಪರೀಕ್ಷಿತ್ ಹೆಸರಿನ ವಿದ್ಯಾರ್ಥಿ ಉಪಗ್ರಹ ಯೋಜನೆ ಇಲ್ಲಿಯದು. ಕಕ್ಷೆ, ತಾಪ, ದಿಕ್ಕಿನ ನಿಯಂತ್ರಣಗಳನ್ನು ಮೊದಲು ಕಂಪ್ಯೂಟರಿನಲ್ಲಿ ಆಡಿಸಿ ನೋಡದೆ ಯಾವ ಉಪಗ್ರಹವೂ ರೂಪುಗೊಳ್ಳದು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕಾಪು ತಾಲೂಕಿನ ಬಂಟಕಲ್ಲಿನ ಮಧ್ವ ವಾದಿರಾಜ ತಾಂತ್ರಿಕ ಸಂಸ್ಥೆ 2010ರದು. ಉಡುಪಿಯ ಎಂಜಿಎಂ ಕಾಲೇಜು 1949ರಲ್ಲಿ, ಪೂರ್ಣಪ್ರಜ್ಞ ಕಾಲೇಜು ಮತ್ತು ಕಾರ್ಕಳದ ಭುವನೇಂದ್ರ ಕಾಲೇಜು 1960ರಲ್ಲಿ ಬಾಗಿಲು ತೆರೆದವು. ಪೂರ್ಣಪ್ರಜ್ಞದ ಹವ್ಯಾಸಿ ಖಗೋಳ ಸಂಘ ಗ್ರಹಣ, ಶೂನ್ಯ ನೆರಳುಗಳಂಥ ವಿದ್ಯಮಾನಗಳನ್ನು ಜನರ ಬಳಿಗೆ ಒಯ್ದಿದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಗಣಿತದೊಂದಿಗೆ ಕಂಪ್ಯೂಟರ್ ಪ್ರಯೋಗಗಳೂ ಸೇರಿದವು. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ರಾಜ್ಯದಲ್ಲಿ 2021–22ರಿಂದ ಜಾರಿಯಾದ ಪದವಿ ಪಠ್ಯಕ್ರಮ ಗಣಿತಕ್ಕೆ ಪ್ರಾಯೋಗಿಕ ತರಗತಿ ಇರಿಸಿ ಮ್ಯಾಕ್ಸಿಮಾ, ಸೈಲ್ಯಾಬ್, ಪೈಥಾನ್‌ಗಳಂಥ ಸಾಧನಗಳನ್ನು ಸೂಚಿಸಿತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದರೂ ಗಣಿತಕ್ಕೆ ಕಂಪ್ಯೂಟರ್ ಬೇಕೆಂಬ ತಿಳಿವಳಿಕೆ ತರಗತಿಗಳಲ್ಲಿ ಬೇರೂರಿದೆ.

ಕನ್ನಡದಲ್ಲಿ

ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಪರಂಪರೆ ಈ ಜಿಲ್ಲೆಗೆ ಹೊಸದಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಬಾಲಪ್ರಪಂಚ, ವಿಜ್ಞಾನ ಪ್ರಪಂಚ ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದರು. ದಕ್ಷಿಣ ಕನ್ನಡದ ಕಿನ್ನಿಕಂಬಳ ಮೂಲದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಸುಲಭವಾಗಿಸಿತು. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡ ಧ್ವನಿಯಲ್ಲೂ ಕೊಡುತ್ತದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೊಂದಿಗೆ ಜಿಯೋಜೀಬ್ರಾ ತರಬೇತಿಗಳನ್ನು ನಡೆಸಿದೆ.

ನಕ್ಷೆಯ ಅಕ್ಷಗಳಿಗೆ ಕನ್ನಡದಲ್ಲಿ ಹೆಸರು ಬರೆಯುವಾಗ ಒಂದು ತೊಡಕಿತ್ತು. ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲ ಒತ್ತಕ್ಷರಗಳನ್ನು ಒಡೆದು ತೋರಿಸುತ್ತಿತ್ತು. ಆದರೆ ಕೈರೋ ಎಂಬ ಚಿತ್ರಣ ಗ್ರಂಥಾಲಯವನ್ನು ಆಧರಿಸಿದ ಔಟ್‌ಪುಟ್ ಆರಿಸಿಕೊಂಡ ಗ್ನುಪ್ಲಾಟ್‌ನಲ್ಲಿ ಸೂಕ್ತ ಯೂನಿಕೋಡ್ ಫಾಂಟ್ ಇದ್ದರೆ ಒತ್ತು, ಗುಣಿತಗಳು ಸರಿಯಾಗಿಯೇ ಮೂಡುತ್ತವೆ. ಕನ್ನಡ ಮಾಧ್ಯಮದ ಶಿಕ್ಷಕರು ತಮ್ಮ ಪಾಠದ ನಕ್ಷೆಗಳನ್ನು ತಮ್ಮ ಭಾಷೆಯಲ್ಲೇ ಸಿದ್ಧಪಡಿಸಲು ಈಗ ಅಡ್ಡಿಯಿಲ್ಲ.

ಮಿತಿಗಳು ಮತ್ತು ಪರೀಕ್ಷೆ

ಕಂಪ್ಯೂಟರ್ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ, ಸೀಮಿತ ಸ್ಥಾನಗಳಲ್ಲಿ ಇಟ್ಟುಕೊಳ್ಳುತ್ತದೆ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುವುದು ಇದರಿಂದ. ಬಹುತೇಕ ಸಮವಾದ ಎರಡು ದೊಡ್ಡ ಸಂಖ್ಯೆಗಳನ್ನು ಕಳೆಯುವಾಗ ಈ ಸಣ್ಣ ದೋಷ ಉತ್ತರವನ್ನೇ ನುಂಗಬಲ್ಲದು. ನಕ್ಷೆಯೂ ಮೋಸ ಮಾಡಬಹುದು: ಟ್ಯಾಂಜೆಂಟ್ ಫಂಕ್ಷನ್ ಎಳೆಯುವಾಗ 90 ಡಿಗ್ರಿಯ ಬಳಿ ಕಾಣುವ ನೆಟ್ಟಗಿನ ಗೆರೆ ಬಿಂದುಗಳನ್ನು ಜೋಡಿಸುತ್ತ ಹೋದ ಯಂತ್ರ ತಾನಾಗಿ ಎಳೆದದ್ದು. ಹತ್ತು ರೀಡಿಂಗುಗಳ ಮೂಲಕ ಒಂಬತ್ತನೇ ಘಾತದ ಬಹುಪದಿ ತಪ್ಪದೆ ಹಾದುಹೋಗುತ್ತದೆ, ಆದರೆ ಹನ್ನೊಂದನೆಯ ರೀಡಿಂಗ್ ಎಲ್ಲಿರುತ್ತದೆ ಎಂಬುದನ್ನು ಅದು ತಿಳಿಸಲಾರದು.

ಆದ್ದರಿಂದ ಯಾವ ಉತ್ತರವನ್ನೂ ನಾಲ್ಕು ಪರೀಕ್ಷೆಗಳಿಗೆ ಒಡ್ಡಬೇಕು. ಏಕಮಾನಗಳು ಎರಡೂ ಬದಿಯಲ್ಲಿ ಹೊಂದುತ್ತವೆಯೇ? ಕೈಯಲ್ಲಿ ಹಾಕಿದ ಸ್ಥೂಲ ಅಂದಾಜಿಗೆ ಉತ್ತರ ಹತ್ತಿರವಿದೆಯೇ? ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿದಾಗ ಉತ್ತರ ಬದಲಾಗದೆ ನಿಲ್ಲುತ್ತದೆಯೇ? ಉತ್ತರ ಮೊದಲೇ ಗೊತ್ತಿರುವ ಸರಳ ಸಂದರ್ಭದಲ್ಲಿ ಅದೇ ಕ್ರಮವಿಧಿ ಸರಿಯಾದ ಉತ್ತರ ಕೊಡುತ್ತದೆಯೇ? ಇವಕ್ಕೆ ಬೇಕಿರುವುದು ದುಬಾರಿ ಪರವಾನಗಿಯೂ ಅಲ್ಲ, ವೇಗದ ಯಂತ್ರವೂ ಅಲ್ಲ, ಕಾಗದ, ಪೆನ್ಸಿಲ್ ಮತ್ತು ಭೌತಶಾಸ್ತ್ರದ ಅರಿವು. ಲ್ಯಾಬ್ ರೆಕಾರ್ಡಿನಲ್ಲಿ ಉತ್ತರದ ಪಕ್ಕದಲ್ಲೇ ಈ ಪರೀಕ್ಷೆಗಳನ್ನೂ ಬರೆಸಿ ಅಂಕ ಕೊಡುವ ಪದ್ಧತಿ ಬಂದರೆ, ಪೂರ್ಣ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೂ ತೀರ್ಪು ವಿದ್ಯಾರ್ಥಿಯ ಕೈಯಲ್ಲೇ ಉಳಿಯುತ್ತದೆ.